ರೈಟ್ ಹೇಳದೆ ಹೊರಡದ ಭಾವ

ನಮ್ಮ ಭಾವನ ಜೊತೆ ನಡೆದುಕೊಂಡು ಹೋಗು ಎಂದು ನಾನು ನನ್ನ ಶತ್ರುವಿಗೂ ಹೇಳಲಾರೆ. ಶತ್ರುಗಳು ನನಗೆ ಕಡಿಮೆಯೇನಿಲ್ಲ. ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು ನಾನು. ಚಿಲ್ಲರೆ ಇಲ್ಲ ಅಂದದ್ದಕ್ಕೆ ಅರ್ಧ ಊರು, ಒಳಗೆ ಸರೀರಿ ಅಂದದ್ದಕ್ಕೆ ಇನ್ನರ್ಧ ಊರು ನನ್ನ ಮೇಲೆ ಹಲ್ಲು ಕಡಿಯುತ್ತಿದೆ. ಕಡಿಯಲಿ. ಆದರೂ ಅವರಲ್ಲಿ ಒಬ್ಬರಿಗೂ ಈ ಶಿಕ್ಷೆ ಬೇಡ.

ಭಾವ ಅಂದರೆ ನನ್ನಕ್ಕನ ಗಂಡ. ನಾನಿದ್ದ ಬಸ್ಸಿನ ಡ್ರೈವರ್. ಒಂದೇ ರೂಟು, ಒಂದೇ ಶಿಫ್ಟು, ಕೊನೆಗೆ ರಿಟೈರ್ ಆದದ್ದೂ ಹೆಚ್ಚುಕಡಿಮೆ ಒಟ್ಟಿಗೇ. ನಾನು ಭಾವ, ಭಾವ ಅಂತ ಕೂಗುವುದನ್ನು ಕೇಳಿ ಕೇಳಿ ಇಡೀ ಡಿಪೋ ಅವರನ್ನು ಭಾವ ಅನ್ನತೊಡಗಿತು. ಮೆಕ್ಯಾನಿಕ್ಕು ಭಾವ ಅಂದ, ಗೇಟಿನ ವಾಚ್‌ಮನ್ನು ಭಾವ ಅಂದ. ಒಂದು ಸಲ ಮೆಮೋ ಕೊಡಲು ಕರೆಸಿದ ಮ್ಯಾನೇಜರು ಕೂಡ ಬಾಯಿತಪ್ಪಿ "ಬನ್ನಿ ಭಾವ, ಕೂತ್ಕೊಳ್ಳಿ" ಅಂದುಬಿಟ್ಟು, ಆಮೇಲೆ ಬೈಯಲು ಮನಸ್ಸು ಬಾರದೆ ಟೀ ಕುಡಿಸಿ ಕಳಿಸಿದರು. ಹೀಗೆ ನಮ್ಮಕ್ಕನಿಗೆ ಹೊಲಿಗೆ ಮಿಷಿನ್ನಿನ ಮುಂದೆ ಕೂತಲ್ಲೇ ಒಂದು ಡಿಪೋ ತುಂಬ ತಮ್ಮಂದಿರು ಹುಟ್ಟಿಕೊಂಡರು. ಕೆಲಸಕ್ಕೆ ಸಿಕ್ಕಿಬೀಳುವವನು ಮಾತ್ರ ನಾನೊಬ್ಬನೇ.

ಪ್ಯಾಸೆಂಜರುಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ "ಬ್ರೇಕ್ ಭಾವ" ಎಂದು ಹೆಸರಿಟ್ಟಿದ್ದರು. ಇಟ್ಟದ್ದು ಸುಮ್ಮನೆ ಅಲ್ಲ. ಭಾವ ಬ್ರೇಕ್ ಒತ್ತಿದರೆ ಹಿಂದಿನ ಸೀಟಿನಲ್ಲಿ ಕೂತವನು ಬಸ್ಸಿಗಿಂತ ಮೊದಲು ಸ್ಟಾಪ್ ಸೇರುತ್ತಿದ್ದ. ಒಮ್ಮೆ ನ್ಯಾಯಬೆಲೆ ಅಂಗಡಿಯ ಯಜಮಾನರ ಹಲ್ಲಿನ ಸೆಟ್ಟು ಹಾರಿ ಎದುರು ಸೀಟಿನವರ ಬಾಯೊಳಗೆ ಕೂತುಬಿಟ್ಟಿತು. ಕೂತದ್ದು ಎಷ್ಟು ಚೆನ್ನಾಗಿತ್ತೆಂದರೆ ಆ ಮನುಷ್ಯ ವಾಪಸ್ ಕೊಡಲು ಒಪ್ಪಲಿಲ್ಲ. ಕೊನೆಯ ಸ್ಟಾಪಿನವರೆಗೂ ನಾನೇ ಪಂಚಾಯಿತಿ ಮಾಡಬೇಕಾಯಿತು. ನಂಬದವರು ನಂಬಬೇಡಿ. ಆ ರೂಟಿನಲ್ಲಿ ಓಡಾಡಿದವರು ನಂಬುತ್ತಾರೆ.

ಇಷ್ಟೆಲ್ಲ ಇದ್ದರೂ ಒಂದು ವಿಷಯದಲ್ಲಿ ಭಾವನ ಕಡೆ ಬೆರಳು ತೋರಿಸುವ ಹಾಗಿರಲಿಲ್ಲ. ನಾನು ಹಿಂದಿನಿಂದ "ರೈಟ್" ಅನ್ನದೆ ಬಸ್ಸು ಒಂದು ಅಂಗುಲ ಕದಲುತ್ತಿರಲಿಲ್ಲ. "ಹೋಲ್ಡಾನ್" ಅಂದರೆ ಬೆಟ್ಟ ಉರುಳಿ ಬರುತ್ತಿದ್ದರೂ ನಿಲ್ಲುತ್ತಿತ್ತು. ಅದಕ್ಕೊಂದು ಕಾರಣವಿದೆ. ನೌಕರಿಗೆ ಸೇರಿದ ಹೊಸದರಲ್ಲಿ, ಇನ್ನೂ ಭಾವ ಆಗಿರದಿದ್ದ ಕಾಲದಲ್ಲಿ, ಅವರು ಒಂದು ಸಲ ನನ್ನ ಮಾತಿಗೆ ಕಾಯದೆ ಗಾಡಿ ಎತ್ತಿದರು. ಫುಟ್‌ಬೋರ್ಡಿನ ಮೇಲೆ ಒಂದು ಕಾಲು, ರಸ್ತೆಯ ಮೇಲೆ ಒಂದು ಕಾಲು ಇಟ್ಟಿದ್ದ ಹುಡುಗಿಯೊಬ್ಬಳು ಹೊಲಿಗೆ ಬಟ್ಟೆಯ ಗಂಟಿನ ಸಮೇತ ಬಿದ್ದು ಕಾಲು ಉಳುಕಿಸಿಕೊಂಡಳು. ಆ ಹುಡುಗಿಯೇ ನನ್ನಕ್ಕ. ಕಾಲು ಹೇಗಿದೆ ಅಂತ ಕೇಳಲು ಮನೆಗೆ ಬಂದರು. ಮರುದಿನವೂ ಬಂದರು. ಕಾಲು ವಾಸಿಯಾಗಿ ಅಕ್ಕ ಕುಣಿಯುವಂತಾದರೂ ಕೇಳುವುದು ನಿಲ್ಲಲಿಲ್ಲ. ಕೊನೆಗೆ ಅಕ್ಕ ಒಂದೇ ಮಾತು ಹೇಳಿದಳು: "ನನ್ನ ತಮ್ಮ ರೈಟ್ ಅನ್ನೋವರೆಗೂ ಇನ್ಮೇಲೆ ಗಾಡಿ ಎತ್ತಲ್ಲ ಅಂತ ಮಾತು ಕೊಡಿ. ಆಮೇಲೆ ಮದುವೆ ವಿಚಾರ."

ಕೊಟ್ಟರು. ಉಳಿಸಿಕೊಂಡರು. ಎಷ್ಟರ ಮಟ್ಟಿಗೆ ಅಂದರೆ ಮನೆಯಲ್ಲಿ ಊಟ ಮುಗಿಸಿ ತಟ್ಟೆಯ ಮುಂದಿನಿಂದ ಏಳಬೇಕಾದರೂ ಒಮ್ಮೆ ಹಿಂದೆ ತಿರುಗಿ ನನ್ನ ಮುಖ ನೋಡುತ್ತಿದ್ದರು.

ಇಂಥ ಮನುಷ್ಯನಿಗೆ ರಿಟೈರ್ ಆದ ಮೇಲೆ ಹೃದಯ ಕೈಕೊಟ್ಟಿತು. ರೂಟಿನ ತುದಿಯಲ್ಲೇ, ಏರಿನ ಮೇಲಿರುವ ದೊಡ್ಡಾಸ್ಪತ್ರೆಯಲ್ಲಿ ಎದೆಮೂಳೆ ಕೊಯ್ದು, ಕಟ್ಟಿಕೊಂಡಿದ್ದ ರಕ್ತನಾಳಗಳಿಗೆ ಕಾಲಿನಿಂದ ತೆಗೆದ ನಾಳ ಜೋಡಿಸಿ, ಮೂಳೆಗೆ ತಂತಿ ಬಿಗಿದು ಹೊಲಿದರು. ಎಚ್ಚರವಾದ ಕೂಡಲೇ ಡಾಕ್ಟರಮ್ಮನಿಗೆ ಭಾವ ಹೇಳಿದ ಮೊದಲ ಮಾತು: "ಬೈಪಾಸ್ ಮಾಡಿದ್ರಂತೆ. ಮೇನ್ ರೋಡ್ ರಿಪೇರಿ ಯಾವಾಗ?" ಆಗಲೇ ನನಗೆ ಗೊತ್ತಾಯಿತು, ಈ ಮನುಷ್ಯ ಬದುಕುತ್ತಾನೆ ಮತ್ತು ನನ್ನ ಜೀವ ತಿನ್ನುತ್ತಾನೆ ಎಂದು.

ಮನೆಗೆ ಕರೆತಂದದ್ದು ನಮ್ಮದೇ ರೂಟಿನ ಬಸ್ಸಿನಲ್ಲಿ. ಟ್ಯಾಕ್ಸಿ ತರುತ್ತೇನೆ ಅಂದೆ, ಕೇಳಲಿಲ್ಲ. "ನನ್ನ ಗಾಡಿ ಇರುವಾಗ ಟ್ಯಾಕ್ಸಿ ಯಾಕೆ?" ಎದೆಗೆ ದಿಂಬು ಅಪ್ಪಿಕೊಂಡು, ಪಕ್ಕದಲ್ಲಿ ಅಕ್ಕನನ್ನು ಕೂರಿಸಿಕೊಂಡು, ಜೀವಮಾನದಲ್ಲಿ ಮೊದಲ ಬಾರಿ ಪ್ಯಾಸೆಂಜರ್ ಆಗಿ ಕೂತರು. ಆಸ್ಪತ್ರೆಯಿಂದ ಅಕ್ಕನ ಮನೆಗೆ ಒಂದೇ ಸ್ಟಾಪು, ಇಳಿಜಾರು. ಆ ಇಳಿಜಾರಿನಲ್ಲಿ ಎಷ್ಟು ಹಂಪುಗಳಿವೆ ಎಂದು ಭಾವನಿಗೆ ಅಂದು ಗೊತ್ತಾಯಿತು. ಹೊಸ ಡ್ರೈವರು ಒಂದೊಂದು ಹಂಪಿಗೂ ಬ್ರೇಕ್ ಒತ್ತಿದ. ಒತ್ತಿದಾಗಲೆಲ್ಲ ಎದೆಯ ತಂತಿ ಎಳೆಯಿತು. ಭಾವ ಉಸಿರೆತ್ತಲಿಲ್ಲ, ಕಣ್ಣಲ್ಲಿ ನೀರು ಹಾಕಿದವಳು ಅಕ್ಕ. ಇಳಿದ ಮೇಲೆ ಭಾವ ದಿಂಬನ್ನು ಹಾಗೇ ಹಿಡಿದುಕೊಂಡು ಹೊರಟ ಬಸ್ಸನ್ನೇ ನೋಡುತ್ತ ನಿಂತರು.

"ಇವನಿಗೆ ಬ್ರೇಕ್ ಒತ್ತೋದು ಯಾರು ಹೇಳ್ಕೊಟ್ಟಿದ್ದು?"

"ನೀವೇ ಭಾವ. ಟ್ರೇನಿಂಗ್‌ಗೆ ನಮ್ಮ ಗಾಡಿಗೇ ಬಂದಿದ್ದ."

ಆಮೇಲೆ ಎರಡು ಊಟವನ್ನು ಕಿಟಕಿಯಿಂದ ಬಸ್ಸು ಎಣಿಸುತ್ತಲೇ ಮುಗಿಸಿದರು. ಮೂರನೆಯ ಊಟಕ್ಕೆ ಬಾಯಿ ಬಿಟ್ಟರು: ಆಸ್ಪತ್ರೆಗೆ ಒಂದು ವ್ಯಾನ್ ಬೇಕು. ಮೆತ್ತಗಿನ ಸ್ಪ್ರಿಂಗಿನದು. ಎದೆ ಹೊಲಿಸಿಕೊಂಡವರನ್ನು ಅವರವರ ಮನೆಗೆ ಬಿಟ್ಟು ಬರಲು. ಬೇರೇನೂ ಬೇಡ.

ಬೇರೇನೂ ಬೇಡ ಸರಿ, ವ್ಯಾನಿಗೆ ದುಡ್ಡೆಲ್ಲಿ? ಆದರೆ ಆಸ್ಪತ್ರೆಯ ಹಿತೈಷಿಗಳದೊಂದು ಸಂಘವಿದೆ. ವರ್ಷಕ್ಕೊಮ್ಮೆ ಸಹಾಯಾರ್ಥ ನಡಿಗೆ ಏರ್ಪಡಿಸುತ್ತಾರೆ. ಅದನ್ನು ನಡೆಸುವವನು ಬ್ಯಾಂಕಿನ ಗುಮಾಸ್ತ. ಕೈಯಿಂದ ಮೈಕು ಇಳಿಸಿದ್ದನ್ನು ಹೆಂಡತಿಯೂ ನೋಡಿಲ್ಲವಂತೆ, ಅದಕ್ಕೇ ಮೈಕಪ್ಪ ಎಂದು ಹೆಸರು. ಡಿಪೋ ಗೇಟಿನಿಂದ ದೊಡ್ಡಾಸ್ಪತ್ರೆಯ ಗೇಟಿನವರೆಗೆ, ಅಂದರೆ ಸರಿಯಾಗಿ ನಮ್ಮ ರೂಟಿನುದ್ದಕ್ಕೂ ನಡೆಯಬೇಕು. ನಡೆಯುವವರ ಹೆಸರಿಗೆ ಅಂಗಡಿಯವರು, ಆಫೀಸಿನವರು ಇಷ್ಟಿಷ್ಟು ಕೊಡುತ್ತೇವೆಂದು ಮಾತು ಕೊಟ್ಟಿರುತ್ತಾರೆ. ಬೀದಿದೀಪ ಹತ್ತುವ ಮೊದಲು ಕಾಲ್ನಡಿಗೆಯಲ್ಲೇ ಗೇಟು ದಾಟಿದರೆ ದುಡ್ಡು. ನಡುವೆ ಗಾಡಿ ಹತ್ತಿದರೆ, ಅಥವಾ ದೀಪ ಹತ್ತಿದರೆ, ಇಲ್ಲ.

ಭಾವ ಹೆಸರು ಕೊಟ್ಟುಬಂದರು. ಊರಿನವರು ಬಿದ್ದು ಬಿದ್ದು ಮಾತು ಕೊಟ್ಟರು. ಹಲ್ಲಿನ ಸೆಟ್ಟಿನ ಯಜಮಾನರಂತೂ "ಬ್ರೇಕ್ ಭಾವನಿಗೆ ಬ್ರೇಕಿನ ಮೇಲೆ ಬೇಜಾರು ಬಂದಿದೆ ಅಂದ್ರೆ ಕೊಡದೆ ಇರೋಕಾಗುತ್ತಾ" ಎಂದು ಬೀದಿಯವರನ್ನೆಲ್ಲ ಒಪ್ಪಿಸಿದರು. ಒಟ್ಟಾದರೆ ವ್ಯಾನಿಗೆ ಸಾಕು ಎಂದು ಮೈಕಪ್ಪ ಮೈಕಿನಲ್ಲೇ ಹೇಳಿದ.

ಅಕ್ಕ ಪಾತ್ರೆ ಕುಕ್ಕಿದಳು. ಡಾಕ್ಟರಮ್ಮನ ಹತ್ತಿರ ದೂರು ಒಯ್ದಳು. ಡಾಕ್ಟರಮ್ಮ ಏನೇನೋ ಪರೀಕ್ಷೆ ಮಾಡಿ, "ತಿಂಗಳುಗಟ್ಟಲೆ ಅಭ್ಯಾಸ ಮಾಡಿ ನಡೀಲಿ, ಒಳ್ಳೇದೇ. ಒಬ್ಬರೇ ಬೇಡ. ಉಸಿರು ಕಟ್ಟಿದ್ರೆ ನಿಲ್ಲಲಿ. ಎದೆ ನೋವು ಬಂದ್ರೆ ಅಲ್ಲಿಗೇ ಮುಗಿಸಿ ನನ್ನ ಹತ್ರ ಕರ್ಕೊಂಡ್ ಬನ್ನಿ" ಅಂದರು. ಒಬ್ಬರೇ ಬೇಡ ಅಂದರೆ ಇಡೀ ಡಿಪೋದ ಭಾಮೈದಂದಿರಲ್ಲಿ ಯಾರು? ಕೇಳಲೇಬೇಡಿ.

ಅಭ್ಯಾಸದ ಕಥೆ ಹೇಳಿದರೆ ನಗುತ್ತೀರಿ. ಅಳುವವನು ನಾನು. ನಮ್ಮ ಗಲ್ಲಿ ತುದಿಯಲ್ಲಿ ಗೋಡೆ. ಗೋಡೆಯವರೆಗೆ ನಡೆದ ಮೇಲೆ ಬೇರೆ ಯಾರಾದರೂ ತಿರುಗುತ್ತಾರೆ. ಭಾವ ತಿರುಗಲಿಲ್ಲ. ಜಾಗ ಸಾಲದು ಅಂದರು. ರಿವರ್ಸ್ ಬಂದರು. ನಾನು ಹಿಂದೆ ನಿಂತು "ಬರ್ಲಿ, ಬರ್ಲಿ, ಎಡಕ್ಕೆ, ಬರ್ಲಿ, ಹೋಲ್ಡಾನ್" ಎಂದು ಕೂಗಬೇಕು. ಗಲ್ಲಿಯ ಹೆಂಗಸರು ಕಿಟಕಿಯಲ್ಲಿ ನಿಂತು ನೋಡುತ್ತಿದ್ದರು. ನನಗೊಂದು ಮರ್ಯಾದೆ ಅಂತ ಇತ್ತು. ಆ ಗಲ್ಲಿಯಲ್ಲೇ ಎಲ್ಲೋ ಬಿದ್ದುಹೋಗಿದೆ.

ನಡಿಗೆಯ ದಿನ ಬೆಳಿಗ್ಗೆ ಅಕ್ಕ ಹೊಸ ಅಂಗಿ ಕೊಟ್ಟಳು. ಎದೆಯ ಗಾಯಕ್ಕೆ ಹೊಲಿಗೆ ಉಜ್ಜಬಾರದೆಂದು ಗುಂಡಿಪಟ್ಟಿಯನ್ನು ಪಕ್ಕಕ್ಕೆ ಸರಿಸಿ, ಒಳಗೆ ಮೆತ್ತನೆಯ ಹತ್ತಿಬಟ್ಟೆ ಹಾಕಿ ಹೊಲಿದದ್ದು. ಭಾವ ಕನ್ನಡಿಯ ಮುಂದೆ ನಿಂತಾಗ ಅವಳು ನನ್ನನ್ನು ಅಡುಗೆಮನೆಗೆ ಎಳೆದಳು.

"ನಾನು ಬರಲ್ಲ ಕಣೋ. ನೋಡೋಕಾಗಲ್ಲ. ಮಿಷಿನ್ ತುಳ್ಕೊಂಡು ಇಲ್ಲೇ ಇರ್ತೀನಿ."

"ನನಗೂ ಒಂದು ಮಿಷಿನ್ ಕೊಡು. ನಾನೂ ತುಳೀತೀನಿ."

"ತಮಾಷೆ ಬೇಡ. ಅವರು ನನ್ ಮಾತು ಕೇಳಲ್ಲ, ಡಾಕ್ಟರ್ ಮಾತು ಕೇಳಲ್ಲ. ನಿನ್ನ ರೈಟ್ ಒಂದೇ ಕೇಳೋದು. ಮುಖದ ಬಣ್ಣ ಬದಲಾಯ್ತು ಅಂದ್ರೆ ರೈಟ್ ಹೇಳಬೇಡ. ನನ್ನಾಣೆ."

ಇದು ನನ್ನ ಹಣೆಬರಹ. ಹೇಳಿದರೆ ಅಕ್ಕ ಬಿಡಲ್ಲ, ಹೇಳದಿದ್ದರೆ ಭಾವ ಬಿಡಲ್ಲ.

ಡಿಪೋ ಗೇಟಿನಲ್ಲಿ ಮೈಕಪ್ಪ ಹಸಿರು ಬಾವುಟ ಬೀಸಿದ. ನೂರಾರು ಜನ ಗುಳ್ಳೆ ಎದ್ದ ಹಾಲಿನಂತೆ ಉಕ್ಕಿ ಹರಿದರು. ಭಾವ ನಿಂತಲ್ಲೇ ನಿಂತಿದ್ದರು. "ಹೊರಡಿ ಸಾರ್!" ಎಂದು ಮೈಕು ಅರಚಿತು. ಭಾವ ಕತ್ತು ತಿರುಗಿಸಿ ನನ್ನನ್ನು ನೋಡಿದರು.

"ರೈಟ್," ಅಂದೆ. ಅಂದ ಮೇಲೆ ಕದಲಿದರು.

ಮೊದಲ ಸ್ಟಾಪಿನಲ್ಲಿ ನಿಂತರು.

"ಯಾಕೆ ಭಾವ, ಉಸಿರಾ?"

"ಸ್ಟಾಪ್."

"ಸ್ಟಾಪ್ ಅಂತ ಗೊತ್ತು. ಇಲ್ಲಿ ಇಳಿಯೋರು ಯಾರು? ನಾನಾ? ಇಳೀತೀನಿ ಬೇಕಾದ್ರೆ, ಖುಷಿಯಿಂದ ಇಳೀತೀನಿ."

"ಜನ ನೋಡ್ತಿದ್ದಾರೆ. ಸುಮ್ನೆ ರೈಟ್ ಹೇಳು."

ಹೀಗೆ ಪ್ರತಿ ಸ್ಟಾಪಿನಲ್ಲೂ. ನಡುವೆ ಒಬ್ಬ ಮುದುಕಿ ಕೈಚೀಲ ಹಿಡಿದು ಬಸವನಹುಳುವಿನಂತೆ ಹೋಗುತ್ತಿದ್ದಳು. ಸೇತುವೆಯ ಮೇಲೆ ಓವರ್‌ಟೇಕ್ ಮಾಡಬಾರದೆಂದು ಭಾವ ಅವಳ ಹಿಂದೆಯೇ ಸೇತುವೆ ಮುಗಿಯುವ ತನಕ ತೆವಳಿದರು. ಅಜ್ಜಿ ಹೆದರಿ ಎರಡು ಸಲ ಚೀಲ ಎದೆಗೊತ್ತಿಕೊಂಡಳು. ಕೆಂಪು ದೀಪ ಬಿದ್ದಾಗ ಫುಟ್‌ಪಾತ್ ಬಿಟ್ಟು ಕಾರುಗಳ ಸಾಲಿನಲ್ಲಿ ನಿಂತರು. ಹಿಂದಿನ ಲಾರಿಯವನು ಹಾರ್ನ್ ಹೊಡೆದ. ಭಾವ ಕೈಯಾಡಿಸಿ, ತಾಳ್ಮೆ ಇರಲಿ ಎಂದು ಸನ್ನೆ ಮಾಡಿದರು. ಟ್ರಾಫಿಕ್ ಪೊಲೀಸಿನವನು ನನ್ನ ಕಡೆ ನೋಡಿದ. ನಾನು ಆಕಾಶದ ಕಡೆ ನೋಡಿದೆ.

ಮುಂದೆ ಹೋದವರು ಯಾವಾಗಲೋ ಕಣ್ಮರೆಯಾದರು. ನನ್ನ ಬೂಟಿನೊಳಗೆ ಎರಡು ಗುಳ್ಳೆಗಳೆದ್ದು, ದೊಡ್ಡವಾಗಿ, ಅವೆರಡೇ ಬೇರೆ ಮನೆ ಮಾಡುವಷ್ಟಾದವು. ಬಿಸಿಲು ಇಳಿಯುತ್ತ ಬಂತು. ಸ್ಟಾಪಿಗೆ ನಿಲ್ಲದೆ ಬಂದಿದ್ದರೆ ಮಧ್ಯಾಹ್ನದ ಊಟ ಆಸ್ಪತ್ರೆಯ ಗೇಟಿನಲ್ಲೇ ಆಗುತ್ತಿತ್ತು. ಈಗ ನೋಡಿದರೆ ನೆರಳುಗಳು ನನ್ನ ಅಸಹನೆಯಷ್ಟು ಉದ್ದವಾಗಿದ್ದವು. ಆದರೂ ಒಂದು ಮಾತು ಒಪ್ಪಬೇಕು: ಪ್ರತಿ ಸ್ಟಾಪಿನಲ್ಲಿ ನಿಂತು ಸುಧಾರಿಸಿಕೊಂಡದ್ದರಿಂದಲೇ ಭಾವ ಅಷ್ಟು ದೂರ ಬಂದದ್ದು. ಇದನ್ನು ಅವರ ಮುಂದೆ ನಾನು ಯಾವತ್ತೂ ಹೇಳುವುದಿಲ್ಲ.

ನೀರಿನ ಟ್ಯಾಂಕ್ ಸ್ಟಾಪಿಗೆ ಬಂದೆವು. ನಮ್ಮ ರೂಟಿನಲ್ಲಿ ಆಸ್ಪತ್ರೆಗೆ ಹಿಂದಿನ ಸ್ಟಾಪು. ಅಕ್ಕನ ಮನೆ ಎದುರಿಗೇ. ಕಿಟಕಿಯಿಂದ ಮಿಷಿನ್ನಿನ ಸದ್ದು ಕೇಳುತ್ತಿತ್ತು. ಇಲ್ಲಿಂದ ಮುಂದೆ ಏರು. ಮೇಲೆ ಆಸ್ಪತ್ರೆಯ ಗೇಟು, ಗೇಟಿನಲ್ಲಿ ಇರುವೆಯಷ್ಟು ಮೈಕಪ್ಪ, ಇರುವೆಯಷ್ಟೇ ಕೇಳುವ ಮೈಕು.

ಭಾವ ನಿಂತರು. ನಾನು ಮುಂದೆ ಹೋಗಿ ಮುಖ ನೋಡಿದೆ. ನೆನೆದ ಸಿಮೆಂಟಿನ ಬಣ್ಣ. ತುಟಿಯ ಸುತ್ತ ಬೆವರು. ಕೈ ಮಾತ್ರ ಎದೆಯ ಹತ್ತಿರ ಹೋಗಿರಲಿಲ್ಲ.

"ರೈಟ್ ಹೇಳು," ಅಂದರು.

ನಾನು ಬಗ್ಗಿ ಬೂಟಿನ ದಾರ ಸಡಿಲಿಸಿದೆ.

"ಲೋ, ರೈಟ್ ಹೇಳೋ. ಹೊತ್ತಾಯ್ತು."

"ಹೇಳಲ್ಲ."

"ಯಾಕೆ ಹೇಳಲ್ಲ?"

"ಕಂಡಕ್ಟರ್ ಇಷ್ಟ. ಕೂತ್ಕೊಳ್ಳಿ ಮೊದಲು."

"ಸರ್ವೀಸ್ ಪೂರ್ತಿ ಕೂತಿದ್ದೀನಿ. ಇವತ್ತೊಂದಿನ ಕೂರಲ್ಲ. ಹೇಳ್ತೀಯೋ ಇಲ್ವೋ?"

"ಹಾಗೇ ಹೋಗಿ ಬೇಕಾದ್ರೆ. ನಾನೇನು ಹಗ್ಗ ಹಾಕಿ ಕಟ್ಟಿದ್ದೀನಾ?"

ಇದು ನೋಡಿ ನನ್ನ ತಲೆ ಕೆಡಿಸುವುದು. ಹೋಗಲಿಲ್ಲ! ಬೈದರು. ನನ್ನ ಬೂಟಿನಿಂದ ಹಿಡಿದು ನನ್ನ ಬೋಳುತಲೆಯವರೆಗೆ ಬೈದರು. ನಾನು ಕಂಡಕ್ಟರ್ ಆದ ದಿನವನ್ನು ಬೈದರು. ಅಷ್ಟು ಕೋಪದಲ್ಲೂ ಕಾಲು ಮಾತ್ರ ಒಂದು ಅಂಗುಲ ಮುಂದಿಡಲಿಲ್ಲ. ಒಂದು ಹೆಜ್ಜೆ ಇಟ್ಟಿದ್ದರೆ ನಾನೇನು ಮಾಡುತ್ತಿದ್ದೆ? ಹಿಂದೆ ಹಿಂದೆ ಹೋಗುತ್ತಿದ್ದೆ. ಆ ಹೊಣೆಯನ್ನು ಪೂರ್ತಿ ನನ್ನ ನಾಲಿಗೆಯ ಮೇಲೆ ಹೊರಿಸಿ, ಕಂಬದ ಹಾಗೆ ನಿಂತುಬಿಟ್ಟರು.

ಜನ ಸೇರಿದರು. ಸ್ಟಾಪಿನಲ್ಲಿ ನಿಂತಿದ್ದ ಬಸ್ಸಿನಿಂದ ಪ್ಯಾಸೆಂಜರುಗಳು ತಲೆ ಹೊರಹಾಕಿದರು. ಮಿಷಿನ್ನಿನ ಸದ್ದು ನಿಂತಿತು. ಅಕ್ಕ ಬಂದಳು, ಕುತ್ತಿಗೆಯಲ್ಲಿ ಅಳತೆಪಟ್ಟಿ, ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಭಾವನದು, ಕೈಯಲ್ಲಿ ಮಿಷಿನ್ನಿನ ಮುಂದಿನ ಸ್ಟೂಲು. ಸ್ಟೂಲನ್ನು ರಸ್ತೆಯ ಪಕ್ಕ ಕುಕ್ಕಿ, "ಕೂತ್ಕೊಳ್ರೀ" ಅಂದಳು. ನನಗೆ ಜಗ್ಗದ ಮನುಷ್ಯ ಥಟ್ಟನೆ ಕೂತರು. ಕೂತ ಕೂಡಲೇ ಎರಡು ಕೈಯೂ ತಾವಾಗಿ ಎದ್ದು ಗಾಳಿಯಲ್ಲಿ ಸ್ಟೇರಿಂಗ್ ಹಿಡಿದವು.

ಅಕ್ಕ ಡಾಕ್ಟರಮ್ಮ ಹೇಳಿಕೊಟ್ಟಂತೆ ಉಗುರು ನೋಡಿದಳು, ತುಟಿ ನೋಡಿದಳು, ನೀರು ಕುಡಿಸಿದಳು. ಸ್ವಲ್ಪ ಹೊತ್ತಿಗೆ ಸಿಮೆಂಟು ಹೋಗಿ ಮನುಷ್ಯನ ಬಣ್ಣ ಬಂತು. ಮೇಲೆ ಗೇಟಿನಲ್ಲಿ ಕುರ್ಚಿ ಮಡಚತೊಡಗಿದ್ದರು. ಆಕಾಶ ಮಂಕಾಗುತ್ತಿತ್ತು, ಬೀದಿದೀಪಗಳು ಈಗಲೋ ಆಗಲೋ ಎಂದು ಕಾಯುತ್ತಿದ್ದವು.

"ಎದೆ ನೋವಿದೆಯಾ? ಸುಳ್ಳು ಹೇಳಿದ್ರೆ ಇಲ್ಲೇ ಇಬ್ಬರನ್ನೂ ಹೊಲಿದುಬಿಡ್ತೀನಿ."

"ಕಾಲು ನೋಯ್ತಿದೆ. ಸೊಂಟ ನೋಯ್ತಿದೆ. ನಿನ್ನ ತಮ್ಮನ ಮುಖ ನೋಡಿ ನೋಡಿ ತಲೆ ನೋಯ್ತಿದೆ. ಎದೆ ನೋಯ್ತಿಲ್ಲ ಕಣೇ."

ಅಕ್ಕ ಫೋನ್ ತೆಗೆದು ಡಾಕ್ಟರಮ್ಮನಿಗೆ ಎಲ್ಲವನ್ನೂ ಹೇಳಿದಳು. ನೋವಿಲ್ಲ ಅಂದ್ರೆ, ಉಸಿರು ಪೂರ್ತಿ ಸರಿಹೋಗಿದೆ ಅಂದ್ರೆ ಮೆಲ್ಲಗೆ ಬರಲಿ, ನಾನು ಗೇಟಿನಲ್ಲೇ ಇರುತ್ತೇನೆ, ಬೇಡ ಅನ್ನಿಸಿದರೆ ಅಲ್ಲೇ ಇರಿ ಗಾಡಿ ಕಳಿಸುತ್ತೇನೆ, ಎಂದರಂತೆ. ಇನ್ನೇನು ಒಳಗೆ ಕರೆದುಕೊಂಡು ಹೋಗುತ್ತಾಳೆ, ನನ್ನ ಗುಳ್ಳೆಗಳಿಗೆ ಬಿಸಿನೀರು ಸಿಗುತ್ತದೆ ಎಂದುಕೊಂಡೆ.

ಆಗ ಭಾವ ಕೈಗಳನ್ನು ಸ್ಟೇರಿಂಗಿನಿಂದ ಇಳಿಸಿ ಮೆಲ್ಲಗೆ ಅಂದರು: "ಈ ಇಳಿಜಾರಲ್ಲಿ ನೀನು ಅತ್ತಿದ್ದು ನಾನು ನೋಡಿದೀನಿ. ಇವತ್ತೂ ಯಾರೋ ದಿಂಬು ಹಿಡ್ಕೊಂಡು ಇಳಿದು ಬಂದಿರ್ತಾರೆ. ನಾಳೆನೂ ಬರ್ತಾರೆ."

ಅಕ್ಕ ಅವರನ್ನೇ ನೋಡಿದಳು. ಕಣ್ಣೊರೆಸಿಕೊಂಡಳೋ ಬೆವರೊರೆಸಿಕೊಂಡಳೋ ಗೊತ್ತಾಗಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದಳು.

"ನನ್ನ ಯಾಕೆ ನೋಡ್ತೀಯ? ನಿನ್ನಾಣೆ ಹಾಕಿದ್ದೀಯ. ನಾನು ಬಾಯಿ ಬಿಡಲ್ಲ."

"ಬಿಡಬೇಡ," ಅಂದಳು ಅಕ್ಕ. ಭಾವನ ತೋಳು ಹಿಡಿದು ಎಬ್ಬಿಸಿದಳು. ಫುಟ್‌ಬೋರ್ಡಿನಿಂದ ಬಿದ್ದ ದಿನದಿಂದ ಒಮ್ಮೆಯೂ ತಾನಾಗಿ ಯಾರಿಗೂ ಕೂಗಿರದಿದ್ದ ಆ ಒಂದು ಮಾತನ್ನು ಎಳೆದು, ಎತ್ತಿ, ಟ್ಯಾಂಕಿನ ನೀರು ಅಲುಗುವ ಹಾಗೆ ಕೂಗಿದಳು:

"ರೈಟ್!"

ಭಾವ ಹೊರಟರು. ಅವರೊಬ್ಬರೇ ಅಲ್ಲ, ಸ್ಟಾಪಿನಲ್ಲಿ ನಿಂತಿದ್ದ ನಿಜವಾದ ಬಸ್ಸೂ ಹೊರಟಿತು. ಅದರ ಕಂಡಕ್ಟರು ಟೀ ಅಂಗಡಿಯಿಂದ ಗ್ಲಾಸಿನ ಸಮೇತ ಹೊರಗೆ ಓಡಿಬಂದು, "ಯಾರ್ರೀ ರೈಟ್ ಹೇಳಿದ್ದು?" ಎಂದು ಬಸ್ಸಿನ ಹಿಂದೆ ಏರಿನುದ್ದಕ್ಕೂ ಕೂಗುತ್ತ ಓಡಿದ. ಅವನ ಸಂಕಟ ನೋಡಿ ಬೆಳಿಗ್ಗೆಯಿಂದ ಮೊದಲ ಬಾರಿ ನನಗೆ ಸ್ವಲ್ಪ ನೆಮ್ಮದಿಯಾಯಿತು.

ಏರನ್ನು ನಾವು ಮೂವರೂ ಹತ್ತಿದೆವು. ಭಾವ ಎಡಕ್ಕೆ, ಅಕ್ಕ ಬಲಕ್ಕೆ, ಹಿಂದೆ ಕುಂಟುತ್ತ ಸ್ಟೂಲು ಹೊತ್ತ ನಾನು. ಹಂಪು ಬಂದಾಗಲೆಲ್ಲ ಭಾವ ನಿಧಾನಿಸಿ, ಒಂದೊಂದೇ ಕಾಲು ಎತ್ತಿ, ಹೂವಿನ ಮೇಲಿಟ್ಟಂತೆ ಇಟ್ಟು ದಾಟಿದರು. ಸರ್ವೀಸಿನಲ್ಲಿ ಒಂದು ದಿನವಾದರೂ ಹೀಗೆ ದಾಟಿಸಿದ್ದರೆ ಊರಿನ ಅರ್ಧ ಹಲ್ಲುಗಳು ಉಳಿಯುತ್ತಿದ್ದವು. ಗೇಟು ಹತ್ತಿರವಾಯಿತು. ಡಾಕ್ಟರಮ್ಮ ಕಂಡರು. ಮೈಕಪ್ಪ ಬೀದಿದೀಪದ ಕಂಬವನ್ನೂ ನಮ್ಮನ್ನೂ ಒಂದಾದ ಮೇಲೊಂದು ನೋಡುತ್ತ ಕುಣಿಯುತ್ತಿದ್ದ.

ಭಾವ ನಿಂತರು.

ಗೇಟಿಗೆ ಇನ್ನೂ ಒಂದು ಬಸ್ಸಿನಷ್ಟು ದೂರ. ಆಸ್ಪತ್ರೆ ಸ್ಟಾಪಿನ ಕಂಬ ಗೇಟಿನಲ್ಲಿಲ್ಲ, ಅದರ ಈಚೆಗಿದೆ. ಭಾವ ಕಂಬದ ಪಕ್ಕ, ಫುಟ್‌ಪಾತಿಗೆ ಒತ್ತಿಕೊಂಡು, ನೀಟಾಗಿ ನಿಂತಿದ್ದರು.

"ಬನ್ನಿ ಸಾರ್! ದೀಪ! ದೀಪ!" ಮೈಕು ಗಂಟಲು ಹರಿದುಕೊಂಡಿತು.

ಭಾವ ಕೇಳಿಸದವರಂತೆ ನೇರ ನೋಡುತ್ತಿದ್ದರು. ಅಕ್ಕ ಹಣೆ ಚಚ್ಚಿಕೊಂಡಳು. "ನನ್ನ ನೋಡಬೇಡ. ನಿನ್ನ ಕೆಲಸ ನೀನು ಮಾಡು. ಆಣೆ ವಾಪಸ್ ತಗೊಂಡಿದೀನಿ."

ಮುಖ ನೋಡಿದೆ. ಬಣ್ಣ ಸರಿಯಿತ್ತು. ಸ್ಟೂಲು ಕೆಳಗಿಟ್ಟು, ಇದ್ದಬದ್ದ ಸಿಟ್ಟನ್ನೆಲ್ಲ ಸೇರಿಸಿ, ಸರ್ವೀಸಿನಲ್ಲಿ ಎಂದೂ ಹೇಳದಷ್ಟು ಜೋರಾಗಿ "ರೈಟ್, ರೈಟ್, ರೈಟ್!" ಅಂದೆ. ಭಾವ ಗೇಟು ದಾಟಿದರು. ಬೆನ್ನ ಹಿಂದೆ ಬೀದಿದೀಪ ಹತ್ತಿತು.

ವ್ಯಾನು ಬಂದಿದೆ. ಡಾಕ್ಟರಮ್ಮ ಭಾವನಿಗೆ ಸ್ಟೇರಿಂಗ್ ಮುಟ್ಟಬಾರದೆಂದು ಕಟ್ಟಪ್ಪಣೆ ಮಾಡಿದ್ದಾರೆ. ಅದಕ್ಕೇ ಪಕ್ಕದ ಸೀಟಿನಲ್ಲಿ ಕೂತು, "ಮೆಲ್ಲಗಪ್ಪ, ಹಂಪು, ಹಂಪು" ಎಂದು ವ್ಯಾನಿನ ಡ್ರೈವರನ ಪ್ರಾಣ ಹಿಂಡುತ್ತಾರೆ. ಆ ಪಾಪದ ಮನುಷ್ಯ ಮೊದಲ ದಿನ ಗಾಡಿ ಎತ್ತಲು ಹೋದಾಗ ಭಾವ ಅವನ ಕೈ ಹಿಡಿದು, ದಿಂಬು ಅಪ್ಪಿಕೊಂಡು ಹಿಂದೆ ಕೂತಿದ್ದ ರೋಗಿಯ ಪಕ್ಕದ ಖಾಲಿ ಸೀಟು ತೋರಿಸಿದರಂತೆ. "ಇಲ್ಲಿ ಕಂಡಕ್ಟರ್ ಎಲ್ಲಿ? ರೈಟ್ ಹೇಳೋರು ಯಾರು?"

ಅಕ್ಕ ಫೋನ್ ಮಾಡಿದಳು. "ಬೂಟು ಹಾಕ್ಕೊಂಡು ಹೋಗೋ. ಗಾಡಿ ಅಲ್ಲೇ ನಿಂತಿದೆಯಂತೆ."